ಧೂಮಕೇತುವಿನ ಬೆಳಕೂ ಪ್ರಯೋಗಶಾಲೆಯ ಸಾಕ್ಷ್ಯವೂ

ಪುಣೆಯ ಇಂಜಿನಿಯರಿಂಗ್ ಕಾಲೇಜು ಸಾಯನ್ಸ್ ಕಾಲೇಜೆಂದು ಹೆಸರಾಗಿದ್ದ ದಿನಗಳಲ್ಲಿ ಅಲ್ಲೊಂದು ವೀಕ್ಷಣಾಲಯವಿದ್ದಿತೆಂಬುದನ್ನು ಬಲ್ಲವರು ವಿರಳ. ೧೮೮೮ರಲ್ಲಿ ಭಾವನಗರದ ಮಹಾರಾಜ ತಖ್ತಸಿಂಗರ ಹೆಸರಿನಲ್ಲಿ ಆರಂಭವಾದ ಅದರ ಪ್ರಾಣವೆಂದರೆ ಪ್ರೊ. ಕಾವಸ್‌ಜೀ ದಾದಾಭಾಯಿ ನಾಯಗಾಮ್‌ವಾಲಾ. ನೀಹಾರಿಕೆಗಳೂ ಧೂಮಕೇತುಗಳೂ ಉಲ್ಕೆಗಳ ಸಮೂಹಗಳೇ ಎಂದು ಲಂಡನ್ನಿನ ಲಾಕಿಯರ್ ಆಗ ವಾದಿಸುತ್ತಿದ್ದನು. ನೀಹಾರಿಕೆಯ ಮುಖ್ಯ ಹಸುರು ರೇಖೆಯು ಪ್ರಯೋಗಶಾಲೆಯಲ್ಲಿ ಉರಿಯುವ ಮೆಗ್ನೀಸಿಯಮ್ಮಿನ ಪಟ್ಟಿಯ ಅಂಚೆಂಬುದು ಅವನ ಆಧಾರ. ಹಾಗಿದ್ದರೆ ರೇಖೆಯ ಒಂದು ಬದಿ ಮಸುಕಾಗಿರಬೇಕು. ಮಹಾವ್ಯಾಧದ ನೀಹಾರಿಕೆಯನ್ನು ರೋಹಿತದರ್ಶಕದಿಂದ ಪರೀಕ್ಷಿಸಿದ ನಾಯಗಾಮ್‌ವಾಲಾ ಅವರಿಗೆ ೧೮೯೧ರಲ್ಲಿ ಕಂಡುದು ಎರಡು ಬದಿಯೂ ತೀಕ್ಷ್ಣವಾದ ರೇಖೆ.

ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ತಾಳೆ ನೋಡುವುದುಂಟು. ಒಂದಕ್ಷರದ ಸುಳಿ ಹೊಂದಿತೆಂದು ಹಣ ಕೊಡುವವರಿಲ್ಲ. ಆಕಾಶದ ಬೆಳಕಿಗೆ ಮಾದರಿ ಸಹಿಯನ್ನು ಒದಗಿಸುವುದು ಪ್ರಯೋಗಶಾಲೆ.

ಧೂಮಕೇತುವಿನ ವಿಷಯದಲ್ಲಿ ಈ ಮಾದರಿಯೇ ದುರ್ಲಭ. ಅದರ ಹಿಮದಿಂದ ಹೊಮ್ಮಿದ ಅಣುಗಳನ್ನು ಸೂರ್ಯನ ಬೆಳಕು ಒಡೆಯುತ್ತದೆ; ನಮಗೆ ಕಾಣುವುದು ಹೊಳೆಯುವ ಚೂರುಗಳು. ಭೂಮಿಯ ಮೇಲೆ ಇಂಥ ಚೂರುಗಳು ಕ್ಷಣಾರ್ಧದಲ್ಲಿ ಬೇರೆ ಅಣುಗಳೊಡನೆ ಕೂಡಿಬಿಡುತ್ತವೆ. ಆದುದರಿಂದ ತೀರ ವಿರಳವಾದ ಅನಿಲದಲ್ಲಿ ವಿದ್ಯುತ್ತನ್ನು ಹರಿಸಿ ಅವನ್ನು ಸೃಷ್ಟಿಸಬೇಕು. ಲಾಕಿಯರನ ಸಹಾಯಕನಾಗಿದ್ದ ಫೌಲರ್ ೧೯೧೦ರ ಸುಮಾರಿಗೆ ಹೀಗೆಯೇ ಧೂಮಕೇತುಗಳ ಬಾಲದ ಪಟ್ಟಿಗಳನ್ನು ಕೊಳವೆಯಲ್ಲಿ ಪಡೆದನು. ಅವು ವಿದ್ಯುದಂಶಯುಕ್ತ ಕಾರ್ಬನ್ ಮೊನಾಕ್ಸೈಡಿನವು.

ತಾಳೆಯಾದ ಮೇಲೂ ತಪ್ಪುಂಟು. ೧೮೮೧ರಲ್ಲಿ ಹಗಿನ್ಸ್ ಧೂಮಕೇತುವೊಂದರಲ್ಲಿ ೪೦೫೦ ಆಂಗ್‌ಸ್ಟ್ರಂ ಸುಮಾರಿನ ಪಟ್ಟಿಗಳನ್ನು ಕಂಡಿದ್ದನು. ೧೯೪೨ರಲ್ಲಿ ಹರ್ಜ್‌ಬರ್ಗ್ ಅವನ್ನು ಪ್ರಯೋಗಶಾಲೆಯಲ್ಲಿ ಮೂಡಿಸಿ, ಒಂದು ಇಂಗಾಲಕ್ಕೆ ಎರಡು ಜಲಜನಕ ಸೇರಿದ ಚೂರು ಇದೆಂದನು. ೧೯೪೯ರಲ್ಲಿ ಜಲಜನಕಕ್ಕೆ ಬದಲು ಭಾರಜಲಜನಕವನ್ನಿಟ್ಟು ನೋಡಿದರೂ ಪಟ್ಟಿಗಳು ಕದಲಲಿಲ್ಲ: ಅಲ್ಲಿ ಜಲಜನಕವೇ ಇರಲಿಲ್ಲ. ೧೯೫೧ರಲ್ಲಿ ಡಗ್ಲಾಸ್ ಸಾಮಾನ್ಯ ಇಂಗಾಲದೊಡನೆ ಇಂಗಾಲ-೧೩ನ್ನು ಬೆರೆಸಲು ಪಟ್ಟಿ ಆರಾಗಿ ಸೀಳಿತು. ಎರಡು ಬಗೆಯ ಇಂಗಾಲವನ್ನು ಮೂರು ಸ್ಥಾನಗಳ ಸಾಲಿನಲ್ಲಿ ಕೂಡಿಸಲು ಆರೇ ಕ್ರಮಗಳುಂಟು. ಅದು ಮೂರು ಇಂಗಾಲ ಪರಮಾಣುಗಳ ಅಣುವೆಂದು ಹೀಗೆ ನಿರ್ಣಯವಾಯಿತು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಚೂರನ್ನು ಗುರುತಿಸಿದ ಮಾತ್ರಕ್ಕೆ ಅದು ಒಡೆದುಬಂದ ಮೂಲವು ಗೊತ್ತಾಗದು. ಧೂಮಕೇತುವಿನಲ್ಲಿ ಕಾಣುವ ಸಯನೋಜನ್ ಚೂರಿಗೆ ಹೈಡ್ರೊಜನ್ ಸಯನೈಡ್ ಒಂದು ಮೂಲ, ಅದೊಂದೇ ಎನ್ನುವಂತಿಲ್ಲ.

ಪುಣೆಯ ವೀಕ್ಷಣಾಲಯ ೧೯೧೨ರಲ್ಲಿ ಮುಚ್ಚಿ, ಅದರ ಉಪಕರಣಗಳು ಕೊಡೈಕನಾಲಿಗೆ ಹೋದವು. ಆದರೆ ಹೆಸರಾಂತ ಪಂಡಿತನ ಮಾತಿಗಿಂತ ಎದುರಿಗೆ ಕಂಡ ರೇಖೆಯನ್ನು ನಂಬಿದ ಆ ನಿಷ್ಠೆ ಈ ಊರಿನ ಆಸ್ತಿಯಾಗಿಯೇ ಉಳಿಯತಕ್ಕದ್ದು.