ಪುಸ್ತಕ ಮುಚ್ಚಿದ ಮೇಲಿನ ಓದು

1769, 1784, 1792. ಮದ್ರಾಸ್, ಮಂಗಳೂರು, ಶ್ರೀರಂಗಪಟ್ಟಣ. ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಮೂರು ಒಪ್ಪಂದಗಳು ಒಮ್ಮೆಯಾದರೂ ಜಗಳ ತಂದಿರುತ್ತವೆ. ತುಮಕೂರಿನ ಉಪ್ಪಾರಹಳ್ಳಿಯೂ ಇದಕ್ಕೆ ಹೊರತಾಗಿರಲಾರದು. ‘ನಿನ್ನೆ ರಾತ್ರಿ ತಾನೇ ಓದಿದ್ದೆಯಲ್ಲೋ’ ಎಂದು ಅಮ್ಮ ಗದರುತ್ತಾರೆ. ‘ಓದಿದ್ದೆ ಅಮ್ಮ, ಈಗ ನೆನಪಿಗೇ ಬರ್ತಿಲ್ಲ’ ಎನ್ನುತ್ತಾನೆ ಮಗ. ಇಬ್ಬರು ಹೇಳುವುದೂ ನಿಜ.

ಈ ಮರೆವನ್ನು ಅಳತೆಗೆ ಸಿಕ್ಕಿಸಿದವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವೇ ಇಲ್ಲದ ಅಕ್ಷರಗುಚ್ಛಗಳ ಪಟ್ಟಿ ಮಾಡಿಕೊಂಡು, ತಾವೇ ಉರು ಹೊಡೆದು, ತಾವೇ ಮರೆತು, ಮತ್ತೆ ಕಲಿಯುವಾಗ ಎಷ್ಟು ಸಮಯ ಉಳಿತಾಯವಾಯಿತು ಎಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದರು. ಕಲಿತು ಒಂದು ಗಂಟೆಯಾದ ಮೇಲೆ ಉಳಿತಾಯ ಸುಮಾರು ಶೇ 44. ಒಂದು ದಿನದ ನಂತರ ಶೇ 34, ತಿಂಗಳ ನಂತರ ಶೇ 21. ಅಂದರೆ ದೊಡ್ಡ ನಷ್ಟವೆಲ್ಲ ಮೊದಲ ಗಂಟೆಯಲ್ಲೇ ಆಗಿಹೋಗುತ್ತದೆ. ಆಮೇಲೆ ಜಾರುವುದು ನಿಧಾನ. ಹಿಂದಿನ ಕಥೆ ಗೊತ್ತಿಲ್ಲದವರಿಗೆ 1784 ಕೂಡ ಒಂದು ಅರ್ಥವಿಲ್ಲದ ಗುಚ್ಛವೇ. ಸಾಲದ್ದಕ್ಕೆ, ಒಂದೇ ಥರದ ನೆನಪುಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಮೂರೂ ಒಪ್ಪಂದ, ಮೂರೂ ಊರಿನ ಹೆಸರು, ಮೂರೂ ಮೈಸೂರು ಯುದ್ಧದ ಕೊನೆ. ಕಲಸಿಹೋಗದೆ ಇನ್ನೇನು?

ಕಥೆ ಗೊತ್ತಾದರೆ ಏನಾಗುತ್ತದೆ ನೋಡಿ. ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಮಾರ್ಚ್‌ನಲ್ಲಿ ಟಿಪ್ಪುವಿನ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋದ. ಆದರೆ ಮಳೆ ಹಿಡಿಯಿತು, ದವಸ ಮುಗಿಯಿತು, ಬಂಡಿ ಎಳೆಯುವ ಎತ್ತುಗಳು ಸತ್ತವು. ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗಿದ. ಮುಂದಿನ ಸಲ ದವಸದ ದಾರಿ ಕಡಿಯಬಾರದೆಂದು ನಡುವಿನ ಬೆಟ್ಟದ ಕೋಟೆಗಳನ್ನು ಮೊದಲು ಹಿಡಿಸಿದ. ಡಿಸೆಂಬರ್‌ನಲ್ಲಿ ಸಾವನದುರ್ಗ, ಅದರ ಬೆನ್ನಿಗೇ ನಮ್ಮ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಬಿದ್ದವು. ಫೆಬ್ರುವರಿಯಲ್ಲಿ ರಾಜಧಾನಿಗೆ ಮುತ್ತಿಗೆ, ಮಾರ್ಚ್‌ನಲ್ಲಿ ಒಪ್ಪಂದ: ಅರ್ಧ ರಾಜ್ಯ ಹೋಯಿತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾದರು. ಹುತ್ರಿದುರ್ಗ ಹತ್ತಿಬಂದ ಹುಡುಗನಿಗೆ 1792 ಇನ್ನು ಬರಿಯ ಅಂಕಿಯಲ್ಲ. ಹೊಸ ವಿಷಯಕ್ಕೆ ಅಂಟಿಕೊಳ್ಳಲು ಹಳೆಯ ತಿಳಿವಳಿಕೆಯ ಆಸರೆ ಬೇಕು. ‘ಯಾಕೆ’ ಎಂದು ಕೇಳಿಕೊಂಡು ಓದಿದ್ದು ನಿಲ್ಲುವುದು ಈ ಆಸರೆಯಿಂದಲೇ. ಪಾಸಿಂಗ್ ಪ್ಯಾಕೇಜ್‌ನ ಪುಟಗಳಲ್ಲಿ ಇಲ್ಲದಿರುವುದೂ ಇದೇ.

ಆದರೆ ಅರ್ಥವಾದದ್ದೂ ಪರೀಕ್ಷೆಯ ಹೊತ್ತಿಗೆ ಕೈಗೆ ಸಿಗಬೇಕಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿ ಅಪ್ಪ ಅಮ್ಮನೂ ತಿಳಿದಿರಬೇಕು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು: ಶೇ 83, ಬರೆದವರದು ಶೇ 71. ವಾರ ಕಳೆದ ಮೇಲೆ ಲೆಕ್ಕ ತಿರುಗುಮುರುಗು. ಓದಿದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ಇನ್ನೂ ಸ್ವಾರಸ್ಯವೆಂದರೆ, ‘ನನಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ಧೈರ್ಯ ಹೆಚ್ಚಿದ್ದದ್ದು ಬರೀ ಓದಿದವರಿಗೆ. ಕಣ್ಣಿಗೆ ಪರಿಚಯವಾದ ಪುಟವನ್ನು ಮಿದುಳು ‘ಬರುತ್ತದೆ’ ಎಂದು ಎಣಿಸಿಬಿಡುತ್ತದೆ. ಹಳದಿ ಹೈಲೈಟರ್ ಬಳಿದ ಗೈಡ್ ಮಾಡುವ ಮೋಸವೂ ಇದೇ.

ನಮ್ಮಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಎದುರು ಕೂತು ಮಗ್ಗಿ ಒಪ್ಪಿಸುವ ರೂಢಿ ಇತ್ತು. ಸಂಶೋಧನೆ ಹೇಳುವುದಕ್ಕೂ ಅದಕ್ಕೂ ಬಹಳ ದೂರವಿಲ್ಲ. ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಾದದ್ದನ್ನೆಲ್ಲ ಬರೆದು, ಆಮೇಲೆ ತೆರೆದು ತಾಳೆ ನೋಡುವುದು. ತಡಕಾಡುವ ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಅದನ್ನು ಕಂಡು ‘ಇವನಿಗೆ ಏನೂ ಬರಲ್ಲ’ ಎಂದು ಮನೆಯವರು ಗಾಬರಿಬೀಳುವುದೇ ತೊಡಕು.

ಎಷ್ಟು ದಿನ ಬಿಟ್ಟು ಮತ್ತೆ ನೋಡಬೇಕು? ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಪರೀಕ್ಷೆ ವಾರದ ದೂರದಲ್ಲಿದ್ದರೆ ಒಂದು ದಿನ ಬಿಟ್ಟು, 35 ದಿನ ಆಚೆಗಿದ್ದರೆ ಸುಮಾರು 11 ದಿನ ಬಿಟ್ಟು ಪುನರಾವರ್ತನೆ ಮಾಡಿದವರಿಗೆ ಹೆಚ್ಚು ಲಾಭ. ಒಂದೇ ರಾತ್ರಿ ನಾಲ್ಕು ಸಲ ತಿರುವಿಹಾಕುವುದಕ್ಕಿಂತ ನಾಲ್ಕು ವಾರಕ್ಕೆ ಹಂಚಿದ ಅಷ್ಟೇ ಹೊತ್ತು ಮೇಲು. ನಿದ್ದೆಗೆಟ್ಟು ಓದುವುದಂತೂ ಎರಡು ಪಟ್ಟು ನಷ್ಟ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದೇ ನಿದ್ದೆಯಲ್ಲಿ.

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಮಕ್ಕಳು ಅಂಕವಷ್ಟೇ ನೋಡಿ ಬ್ಯಾಗಿಗೆ ತುರುಕುತ್ತಾರೆ. ಅದರಲ್ಲಿರುವ ಕೆಂಪು ಗೆರೆಗಳು ಬೆಲೆಬಾಳುತ್ತವೆ. ಇದೇ ಸರಿ ಎಂದು ಗಟ್ಟಿಯಾಗಿ ನಂಬಿ ಬರೆದ ಉತ್ತರ ತಪ್ಪೆಂದು ತಿಳಿದಾಗ, ಅನುಮಾನದಿಂದ ಬರೆದು ತಪ್ಪಿದ್ದಕ್ಕಿಂತ ಅದರ ತಿದ್ದುಪಡಿ ಹೆಚ್ಚು ಚೆನ್ನಾಗಿ ನೆನಪಿನಲ್ಲಿ ನಿಲ್ಲುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮಂಗಳೂರು ಒಪ್ಪಂದ 1769ರಲ್ಲಿ ಆಯಿತೆಂದು ಧೈರ್ಯವಾಗಿ ಬರೆದು ಒಂದು ಅಂಕ ಕಳೆದುಕೊಂಡ ಹುಡುಗಿ, ಸರಿಯುತ್ತರವನ್ನು ಅಂದೇ ನೋಡಿಕೊಂಡರೆ, ಮಾರ್ಚ್‌ನಲ್ಲಿ ಅದನ್ನು ತಪ್ಪು ಬರೆಯುವ ಸಂಭವ ಕಡಿಮೆ.