ಬಾಗಿಲ ಹಿಡಿ

ಆಸ್ಪತ್ರೆಯೊಂದರಲ್ಲಿ ಹಗಲಿರುಳೂ ಹೆಚ್ಚು ಕೈಗಳು ಮುಟ್ಟುವ ವಸ್ತುಗಳು ಯಾವುವು? ಬಾಗಿಲ ಹಿಡಿ, ಮಂಚದ ಪಕ್ಕದ ಕಂಬಿ, ನಲ್ಲಿಯ ತಿರುಪು, ದಾದಿಯನ್ನು ಕರೆಯುವ ಗಂಟೆಯ ಗುಂಡಿ. ರೋಗಿಯಾಗಲಿ ವೈದ್ಯನಾಗಲಿ ನೋಡಲು ಬಂದ ನೆಂಟನಾಗಲಿ ಇವನ್ನು ಮುಟ್ಟದೆ ಇರಲಾರರು. ಒಬ್ಬರ ಕೈಯಿಂದ ಇಳಿದ ಸೂಕ್ಷ್ಮಜೀವಿ ಅಲ್ಲಿಯೇ ಉಳಿದು ಮತ್ತೊಬ್ಬರ ಕೈಯನ್ನು ಸೇರುತ್ತದೆ. ಹುಣ್ಣುಗಳಲ್ಲಿ ಕೀವನ್ನುಂಟುಮಾಡುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯ ಒಣಗಿದ ವಸ್ತುವಿನ ಮೇಲೆ ಕೆಲವೊಮ್ಮೆ ತಿಂಗಳುಗಟ್ಟಲೆ ಜೀವದಿಂದಿರಬಲ್ಲುದು. ಹೀಗಾಗಿ ಒಂದು ರೋಗದ ಚಿಕಿತ್ಸೆಗೆಂದು ಬಂದವನಿಗೆ ಇನ್ನೊಂದು ರೋಗ ಅಂಟುವುದುಂಟು. ಶಸ್ತ್ರಚಿಕಿತ್ಸೆಯಿಂದ ಬಳಲಿದವನಿಗೆ ಅದು ಪ್ರಾಣಾಂತಿಕವೂ ಆಗಬಹುದು.

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಈರಿ ನಗರದಲ್ಲಿ ಹ್ಯಾಮಟ್ ವೈದ್ಯಕೀಯ ಕೇಂದ್ರವೆಂಬ ಆಸ್ಪತ್ರೆಯಿತ್ತು. ಅಲ್ಲಿ ಶುಚಿಗೊಳಿಸುವ ಸಿಬ್ಬಂದಿಗೆ ತರಬೇತಿ ನಡೆದಾಗ ಅವರ ಕೈಗೆ ಸೂಕ್ಷ್ಮಜೀವಿಗಳನ್ನು ಬೆಳೆಸುವ ತಟ್ಟೆಗಳನ್ನು ಕೊಟ್ಟು, ಕೊಳೆಯಿರಬಹುದೆಂದು ತೋರಿದ ಕಡೆಯಿಂದೆಲ್ಲ ಮಾದರಿಗಳನ್ನು ತರುವಂತೆ ಹೇಳಲಾಯಿತು. ಶೌಚಾಲಯದ ನೀರಿನಲ್ಲಿ ಅವರು ಎಣಿಸಿದಷ್ಟು ಬ್ಯಾಕ್ಟೀರಿಯಗಳು ಸಿಗಲಿಲ್ಲ! ಅಚ್ಚರಿಯಿದ್ದುದು ಬಾಗಿಲ ಹಿಡಿಗಳಲ್ಲಿ. ಥಳಥಳಿಸುವ ಸ್ಟೇನ್‌ಲೆಸ್ ಉಕ್ಕಿನ ಹಿಡಿಗಳಿಂದ ತಂದ ಮಾದರಿಗಳಲ್ಲಿ ಬ್ಯಾಕ್ಟೀರಿಯಗಳು ದಟ್ಟವಾಗಿ ಬೆಳೆದಿದ್ದವು. ಹಿತ್ತಾಳೆಯ ಹಿಡಿಗಳಿಂದ ತಂದವುಗಳಲ್ಲಿ ವಿರಳವಾಗಿದ್ದವು. ನೋಟಕ್ಕೆ ಶುಚಿಯಾಗಿ ತೋರುವುದು ಉಕ್ಕು, ಕೊಳಕಾಗಿ ತೋರುವುದು ಮಂಕುಗಟ್ಟಿದ ಹಿತ್ತಾಳೆ. ಈ ವಿಷಯವನ್ನು 1983ರಲ್ಲಿ ಪ್ರಕಟಿಸಿದ ಫಿಲಿಸ್ ಕೂನ್ ಅವರು, ಆಸ್ಪತ್ರೆಗಳನ್ನು ನವೀಕರಿಸುವಾಗ ಹಳೆಯ ಹಿತ್ತಾಳೆಯ ಹಿಡಿಗಳನ್ನು ಕಿತ್ತೆಸೆಯಬಾರದೆಂದು ಸಲಹೆಯಿತ್ತರು.

ಹಿತ್ತಾಳೆಯೆಂಬುದು ತಾಮ್ರ ಮತ್ತು ಸತುವಿನ ಮಿಶ್ರಲೋಹವಷ್ಟೆ. ಬ್ಯಾಕ್ಟೀರಿಯಗಳಿಗೆ ಮಾರಕವಾದುದು ಅದರಲ್ಲಿರುವ ತಾಮ್ರವೇ. ಲೋಹದಿಂದ ಬಿಡುಗಡೆಯಾದ ತಾಮ್ರದ ಅಯಾನುಗಳು ಬ್ಯಾಕ್ಟೀರಿಯದ ಹೊರಪೊರೆಯನ್ನು ಕೆಡಿಸಿ ಒಳನುಗ್ಗುತ್ತವೆ. ಅದರ ಪ್ರೋಟೀನುಗಳನ್ನೂ ಡಿ.ಎನ್.ಎ.ಯನ್ನೂ ಹಾಳುಮಾಡುತ್ತವೆ. ಸಾಮಾನ್ಯ ಔಷಧಿಗಳಿಗೆ ಬಗ್ಗದ ಸ್ಟೆಫೈಲೊಕಾಕಸ್ ಕೂಡ ಇದರಿಂದ ಪಾರಾಗಲಾರದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಬ್ಯಾಕ್ಟೀರಿಯಗಳು ಉಕ್ಕಿನ ಮೇಲೆ 72 ಗಂಟೆ ಕಳೆದರೂ ಬದುಕಿದ್ದವು. ತಾಮ್ರದ ಮೇಲೆ 90 ನಿಮಿಷಗಳಲ್ಲಿ ಸತ್ತವು. ತಾಮ್ರದ ಬಿಂದಿಗೆಯಲ್ಲಿ ಕುಡಿಯುವ ನೀರನ್ನು ತುಂಬಿಡುವ ನಮ್ಮ ಹಿರಿಯರ ಪದ್ಧತಿ ಇಲ್ಲಿ ನೆನಪಾಗದಿರದು. ಬೆಂಗಳೂರಿನ ಸಂಶೋಧಕರು 2012ರಲ್ಲಿ ಅದನ್ನೂ ಪರೀಕ್ಷಿಸಿ, 16 ಗಂಟೆಗಳ ಕಾಲ ತಾಮ್ರದ ಪಾತ್ರೆಯಲ್ಲಿಟ್ಟ ನೀರಿನಲ್ಲಿ ಕಾಲರಾ ರೋಗಾಣುಗಳು ಉಳಿಯಲಿಲ್ಲವೆಂದು ತೋರಿಸಿದರು.

ಎಲ್ಲವನ್ನೂ ಗಟ್ಟಿ ತಾಮ್ರದಿಂದಲೇ ಮಾಡುವುದು ದುಬಾರಿಯಾದ ಕಾರ್ಯ. ಆದುದರಿಂದ ತಾಮ್ರದ ಅಥವಾ ಬೆಳ್ಳಿಯ ತೆಳು ಲೇಪಗಳನ್ನು ಬಳಸುವ ಯತ್ನಗಳು ನಡೆದಿವೆ. ಬೆಳ್ಳಿಯೂ ರೋಗಾಣುನಾಶಕವೇ. ಆದರೆ ಅದರ ಅಯಾನುಗಳು ಕೆಲಸಮಾಡಲು ತೇವ ಬೇಕು. ಒಣಗಾಳಿಯ ಕೋಣೆಯಲ್ಲಿ ಅಂಥ ಲೇಪದ ಫಲ ಬಲು ಕಡಿಮೆ. ತಾಮ್ರಕ್ಕೆ ಈ ಕೊರತೆಯಿಲ್ಲ.

ಪ್ರಯೋಗಶಾಲೆಯಲ್ಲಿ ಬ್ಯಾಕ್ಟೀರಿಯ ಸಾಯುವುದು ಬೇರೆ, ರೋಗಿ ಬದುಕುವುದು ಬೇರೆ. ಅಮೆರಿಕದ ಮೂರು ಆಸ್ಪತ್ರೆಗಳ ತೀವ್ರನಿಗಾ ಘಟಕಗಳಲ್ಲಿ ಕೆಲವು ಕೋಣೆಗಳ ಕಂಬಿ, ಮೇಜು ಮೊದಲಾದವುಗಳಿಗೆ ತಾಮ್ರದ ಹೊದಿಕೆಯನ್ನು ಹಾಕಿ ನೋಡಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಕೋಣೆಗಳಲ್ಲಿ ಆಸ್ಪತ್ರೆಯಿಂದಲೇ ಅಂಟಿದ ಸೋಂಕು ಇತರ ಕೋಣೆಗಳಲ್ಲಿದ್ದುದರ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಅನಂತರದ ಎಲ್ಲ ಪರೀಕ್ಷೆಗಳೂ ಇಷ್ಟು ಸ್ಪಷ್ಟವಾದ ಫಲವನ್ನು ಕೊಟ್ಟಿಲ್ಲ. ತಾಮ್ರವಿದೆಯೆಂದು ಕೈತೊಳೆಯುವುದನ್ನಾಗಲಿ ನಿತ್ಯದ ಒರೆಸುವಿಕೆಯನ್ನಾಗಲಿ ಬಿಡುವಂತೆಯೂ ಇಲ್ಲ. ಕೊಳೆಯ ಪದರದ ಮೇಲೆ ಕುಳಿತ ಬ್ಯಾಕ್ಟೀರಿಯಕ್ಕೆ ಕೆಳಗಿನ ಲೋಹ ತಾಗುವುದೇ ಇಲ್ಲವಷ್ಟೆ. ಹಿತ್ತಾಳೆ ಮಂಕಾಗದಿರಲೆಂದು ಮೆರುಗೆಣ್ಣೆ ಬಳಿಯುವ ರೂಢಿಯೂ ಉಂಟು. ಹಾಗೆ ಬಳಿದ ಹಿಡಿ ಹೊಳೆಯುತ್ತದೆ, ಆದರೆ ಬ್ಯಾಕ್ಟೀರಿಯವನ್ನು ಕೊಲ್ಲುವುದಿಲ್ಲ.