ಸತ್ತ ಜಾನುವಾರಿನ ಬೇನೆಯನ್ನು ಗೊತ್ತುಮಾಡುವ ಬಗೆ

ಸಂಜೆಯವರೆಗೆ ಚೆನ್ನಾಗಿ ಮೇದ ಆಕಳು ಬೆಳಗಾಗುವುದರೊಳಗೆ ಸತ್ತು ಬಿದ್ದರೆ, ರೋಣ ಸೀಮೆಯ ಇಟಗಿಯಂಥ ಎರೆನಾಡಿನ ಊರುಗಳಲ್ಲಿ ಹಾವು ಕಚ್ಚಿತೆಂದು ಕೆಲವರೂ, ಬೇನೆ ತಗಲಿತೆಂದು ಕೆಲವರೂ ಹೇಳುವುದುಂಟು. ಊಹೆಯು ಸುಲಭವಾದದ್ದು, ಆದರೆ ಕೊಟ್ಟಿಗೆಯಲ್ಲಿ ಉಳಿದ ದನಗಳನ್ನು ಕಾಯಲು ಅದು ಸಾಲದು. ನೆರಡಿ ಬೇನೆಯ ಲಸಿಕೆಯು ಚಪ್ಪೆ ಬೇನೆಯನ್ನು ತಡೆಯಲಾರದು. ಗಳಲೆ ಬೇನೆಯ ಲಸಿಕೆಯು ಇವೆರಡನ್ನೂ ತಡೆಯಲಾರದು.

ಹೊರಗಿನ ಗುರುತುಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ನೆತ್ತರು ಸೋರಿದ್ದರೆ ನೆರಡಿಯೆಂದು ಸಂಶಯಪಡತಕ್ಕದ್ದು. ಆದರೆ ನೆತ್ತರು ಸೋರದೆಯೂ ನೆರಡಿಯಿಂದ ದನಗಳು ಸಾಯುತ್ತವೆ. ಹೊಟ್ಟೆಯುಬ್ಬರವಂತೂ ಬರಿಯ ಮೇವಿನ ದೋಷದಿಂದಲೂ ಆಗುವದು. ತೊಡೆಯ ಬಾವನ್ನು ಒತ್ತಿದಾಗ ಚರಚರ ಸದ್ದಾಗುವುದು ಚಪ್ಪೆ ಬೇನೆಯ ಲಕ್ಷಣ; ಗಂಟಲ ಬಾವು ಗಳಲೆಯದು. ಜೋಳದ ಸೀಮೆಯಲ್ಲಿ ಇನ್ನೊಂದು ಮೋಸವುಂಟು. ಮಳೆ ತಪ್ಪಿ ಬಾಡಿದ ಎಳೆ ಜೋಳವನ್ನಾಗಲಿ, ಕೊಯ್ದ ಬಳಿಕ ಚಿಗುರಿದ ಕೂಳೆಯನ್ನಾಗಲಿ ತಿಂದ ದನವು ಹೈಡ್ರೋಸಯನಿಕ್ ಆಮ್ಲದ ವಿಷದಿಂದ ಥಟ್ಟನೆ ಸಾಯುವದು. ಇದು ಅಂಟುಬೇನೆಯೇ ಅಲ್ಲ. ಇದರಲ್ಲಿ ನೆತ್ತರು ಮೊದಲಿಗೆ ಕಪ್ಪಾಗಿರದೆ ಕೆಂಪಗೆ ಹೊಳೆಯುತ್ತಿರುವುದುಂಟು.

ಆದಕಾರಣ ಸೂಕ್ಷ್ಮದರ್ಶಕದ ಪರೀಕ್ಷೆಯು ಬೇಕಾಗುತ್ತದೆ. ಪಶುವೈದ್ಯರು ಕಿವಿಯ ನರದಿಂದ ಒಂದು ಹನಿ ನೆತ್ತರನ್ನು ಗಾಜಿನ ಮೇಲೆ ಸವರಿ, ಮಿಥಿಲೀನ್ ಬ್ಲೂ ಬಣ್ಣ ಹಾಕಿ ನೋಡಿದರೆ, ನೆರಡಿಯ ಜಂತುಗಳು ಗುಲಾಬಿ ಕವಚದೊಳಗಿನ ನೀಲಿ ಕಡ್ಡಿಗಳಂತೆ ಕಾಣುವವು. 1903ರಲ್ಲಿ ಮ್ಯಾಕ್‌ಫೇಡಿಯನ್ ಎಂಬವರು ತಿಳಿಸಿದ ಈ ರೀತಿಯು ಹೊಸದಾಗಿ ಸತ್ತ ದನದಲ್ಲಿ ಬಹಳ ನಂಬಿಕೆಗೆ ತಕ್ಕದ್ದು. ಹೆಣವು ಕೊಳೆಯತೊಡಗಿದರೆ ನೆರಡಿಯ ಜಂತುಗಳು ಅಳಿದುಹೋಗಿ, ಕರುಳಿನ ಬೇರೆ ಜಂತುಗಳು ನೆತ್ತರಿನಲ್ಲಿ ಹಬ್ಬುವವು. ಅಂಥ ಹೆಣದಲ್ಲಿ “ನೆರಡಿ ಕಾಣಲಿಲ್ಲ” ಎಂಬ ವರದಿಯನ್ನು “ನೆರಡಿ ಇರಲಿಲ್ಲ” ಎಂದು ಓದಬಾರದು. 1911ರ ಆಸ್ಕೋಲಿ ಪರೀಕ್ಷೆಯು ಕೊಳೆತ ಮಾಂಸದಲ್ಲಿಯೂ ತೊಗಲಿನಲ್ಲಿಯೂ ಗುರುತನ್ನು ಹಿಡಿಯುತ್ತದೆ, ಆದರೆ ನೆರಡಿಯ ದಾಯಾದಿ ಜಂತುಗಳಿಂದಲೂ ಸುಳ್ಳು ಗುರುತು ಬಂದೀತು. ಈಗಿನ ಪಿ.ಸಿ.ಆರ್. ಪರೀಕ್ಷೆಯು ಈ ಗೊಂದಲವನ್ನು ಬಹುಮಟ್ಟಿಗೆ ಕಡಿಮೆಮಾಡಿದೆ.

ಸಂಶಯವಿರುವಾಗ ಹೆಣವನ್ನು ಕೊಯ್ಯಲೇಬಾರದು, ತೊಗಲು ಸುಲಿಯಲೇಬಾರದು. ಗಾಳಿ ತಗಲಿದ ನೆತ್ತರಿನಲ್ಲಿ ಜಂತುಗಳು ಬೀಜಾಣುಗಳಾಗಿ ಹಲವು ದಶಕ ನೆಲದಲ್ಲಿ ಉಳಿಯುತ್ತವೆ. ಸುಲಿದವನಿಗೂ ಬೇನೆ ತಗಲುವದು.

ಕುರಿಗಳ ವಿಷಯವು ಇನ್ನೂ ತೊಡಕಿನದು. ಕರುಳುಬೇನೆಯನ್ನು ತರುವ ಜಂತುವು ಗಟ್ಟಿಮುಟ್ಟಾದ ಕುರಿಯ ಕರುಳಿನಲ್ಲಿಯೂ ಇರುವದರಿಂದ, ಜಂತು ಸಿಕ್ಕಿತೆಂದ ಮಾತ್ರಕ್ಕೆ ಕಾರಣ ಸಿಕ್ಕಿತೆನ್ನಲಾಗದು. ಅದು ಸುರಿಸಿದ ವಿಷವನ್ನೇ ತೋರಿಸಬೇಕು, ಆ ವಿಷವೋ ಬೇಗನೆ ಕೆಡುವಂಥದು. ಲಕ್ಷಣ ನೋಡಿ ಹೇಳುವುದರ ಮಿತಿಯನ್ನು ಪಿ.ಪಿ.ಆರ್. ಬೇನೆಯು ಚೆನ್ನಾಗಿ ತೋರಿಸಿತು. ಕುರಿಗಳಲ್ಲಿ ದೊಡ್ಡಬೇನೆಯಂತೆಯೇ ಕಾಣುವ ಇದು ಬೇರೆಯೇ ರೋಗವೆಂದು ಭಾರತದಲ್ಲಿ ಗೊತ್ತಾದದ್ದು, 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಕುರಿಗಳು ಬೇನೆಬಿದ್ದ ಮೇಲೆಯೇ.

ನೆರಡಿಯಲ್ಲವೆಂದು ಗೊತ್ತಾದ ಬಳಿಕ ಗಳಲೆಯ ಸಂಶಯವಿದ್ದರೆ, ಪಶುವೈದ್ಯರು ಕಾಲಿನ ಉದ್ದನೆಯ ಎಲುಬನ್ನು ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಶಾಲೆಗೆ ಕಳಿಸುವರು; ಎಲುಬಿನ ಮಜ್ಜೆಯು ಮಾಂಸಕ್ಕಿಂತ ತಡವಾಗಿ ಕೊಳೆಯುತ್ತದೆ. ದನ ಸತ್ತ ವೇಳೆ, ತಿಂದ ಮೇವು, ಮೊದಲು ಕೊಡಿಸಿದ ಸೂಜಿಮದ್ದು, ಇವನ್ನು ಒಕ್ಕಲಿಗನು ಮುಚ್ಚಿಡದೆ ಚೀಟಿಯಲ್ಲಿ ಬರೆಯಿಸತಕ್ಕದ್ದು.